ಬೆರಳಪ್ಪನನ್ನು ಎತ್ತಿಸಿದ್ದು

ಅದು ಶುರುವಾದದ್ದು ಬೇಸಿಗೆಯ ಕೊನೆಯಲ್ಲಿ, ಒಂದು ಸೋಮವಾರ, ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ. ಮೇಸ್ತ್ರಿ ಹಿತ್ತಲ ಬಾಗಿಲಲ್ಲಿ ಕೂತು ಕರಣೆಗೆ ಅಂಟಿದ್ದ ಒಣ ಗಾರೆಯನ್ನು ಕೆರೆದು ತೆಗೆಯುತ್ತಿದ್ದರು. ಒಂದೂವರೆ ತಿಂಗಳು ಬೇರೆ ಊರಲ್ಲಿದ್ದು, ಅಲ್ಲಿಯ ಶಾಲೆಗೆ ನೀರಿನ ತೊಟ್ಟಿ ಕಟ್ಟಿಕೊಟ್ಟು, ಹಿಂದಿನ ದಿನವಷ್ಟೇ ಮನೆಗೆ ಬಂದಿದ್ದರು. ತಾವಿಲ್ಲದಾಗ ಊರಲ್ಲಿ ಏನೇನಾಯಿತು ಎಂದು ಹೇಳಲು ಹೆಂಡತಿ ಬಾಯಿ ತೆರೆದಾಗಲೆಲ್ಲ ಅವರಿಗೆ ಆಕಳಿಕೆ ಬಂದಿತ್ತು. ಆಕೆ ಎರಡು ಸಲ ನೋಡಿ, ಮೂರನೆಯ ಸಲ ಸುಮ್ಮನಾಗಿದ್ದರು.

ಆಗ ಕಚೇರಿಯ ಜವಾನ ಬಂದು ಒಂದು ಕಾಗದ ಕೊಟ್ಟು ಹೋದ. ಊರಿನ ಚರಂಡಿ, ಮೆಟ್ಟಿಲು, ಕಾಂಪೌಂಡು, ಎಲ್ಲಿ ಬಿರುಕು ಬಿಟ್ಟರೂ ಕಚೇರಿಯವರು ಕರೆಸುತ್ತಿದ್ದದ್ದು ಇವರನ್ನೇ. ಆದರೆ ಯಾವಾಗಲೂ ಬಾಯಿಮಾತಿನಲ್ಲಿ. ಕಾಗದ ಬಂದದ್ದು ಇದೇ ಮೊದಲು.

ಮೇಸ್ತ್ರಿ ಕೈ ತೊಳೆದು, ಕನ್ನಡಕ ಹಾಕಿ, ಅಕ್ಷರದ ಮೇಲೆ ಬೆರಳಿಟ್ಟು ಓದಿದರು. ಮಗಳು ಎರಡನೇ ತರಗತಿಯಲ್ಲಿದ್ದಾಗ ಅವಳ ಸ್ಲೇಟಿನ ಪಕ್ಕ ಕೂತು, ಮೂವತ್ತೆಂಟನೇ ವಯಸ್ಸಿನಲ್ಲಿ ಅವರು ಅಕ್ಷರ ಕಲಿತವರು. ಅವಳು ಒತ್ತಕ್ಷರಕ್ಕೆ ಬರುವ ಹೊತ್ತಿಗೆ ಇವರಿಗೆ ದೂರದ ಸೇತುವೆ ಕೆಲಸ ಸಿಕ್ಕಿತು. ಹಾಗಾಗಿ ಓದುವಾಗ ಒತ್ತು ಕಂಡರೆ ಗೊತ್ತಾಗುತ್ತಿತ್ತು, ಬರೆಯುವಾಗ ಮಾತ್ರ ಕೈಗೆ ಬರುತ್ತಿರಲಿಲ್ಲ.

ಕಾಗದದಲ್ಲಿ ಹೀಗಿತ್ತು: ‘ಚೌಕದಲ್ಲಿರುವ ಪ್ರತಿಮೆಯನ್ನು ಪೀಠ ಸಮೇತ ಬರುವ ಭಾನುವಾರದೊಳಗೆ ಎತ್ತಿಸತಕ್ಕದ್ದು. ಕೆಲಸ ಮುಗಿಯುವವರೆಗೆ ಸುತ್ತಲೂ ಮರೆ ಕಟ್ಟತಕ್ಕದ್ದು.’ ಕೆಳಗೆ ಸಾಹೇಬರ ಸಹಿ.

ಮೇಸ್ತ್ರಿ ಮತ್ತೊಮ್ಮೆ ಓದಿದರು. ಆಮೇಲೆ ಅಡುಗೆಮನೆಯ ಕಡೆ ತಿರುಗಿ, “ನೋಡೇ, ಅಂತೂ ಬೆರಳಪ್ಪನ್ನ ಎತ್ತಿಸ್ತಾರಂತೆ!” ಎಂದು ಕೂಗಿದರು.

“ಅಂತೂ,” ಎಂದರು ಹೆಂಡತಿ ಒಳಗಿನಿಂದ. “ಎಷ್ಟೋ ಹಿಂದೆ ಆಗಬೇಕಿತ್ತು.”

“ನಾನೂ ಅದನ್ನೇ ಹೇಳ್ತಾ ಬಂದೆ!”

“ನೀವಾ? ನೀವು ಯಾವಾಗ ಹೇಳಿದ್ರಿ?”

“ಮೂರು ಅರ್ಜಿ ಕೊಟ್ಟಿಲ್ವೇನೇ?” ಎಂದು ಮೇಸ್ತ್ರಿ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು.

ಬೆರಳಪ್ಪ ಎಂದರೆ ಚೌಕದ ಕಲ್ಲಿನ ಪ್ರತಿಮೆ. ಅವನಿಗೆ ದೊಡ್ಡ ಹೆಸರೇ ಇತ್ತು. ಆದರೆ ಬಲಗೈ ಚಾಚಿ ಬೆರಳು ತೋರಿಸುತ್ತ ನಿಂತದ್ದರಿಂದ, ನಿಲ್ಲಿಸಿದ ಮರುದಿನದಿಂದಲೇ ಊರವರಿಗೆ ಅವನು ಬೆರಳಪ್ಪ. ಮುಂಬರುವ ಒಳ್ಳೆಯ ಕಾಲವನ್ನು ತೋರಿಸುತ್ತಿದ್ದಾನೆ ಎಂದು ಕೆತ್ತಿದವರು ಹೇಳಿದ್ದರು. ಬೆರಳಿನ ಜಾಡು ಹಿಡಿದು ನೋಡಿದರೆ ಕಾಣುತ್ತಿದ್ದದ್ದು ಸಾರ್ವಜನಿಕ ಶೌಚಾಲಯದ ಬಾಗಿಲು. ಹೊಸಬರು ಯಾರಾದರೂ ದಾರಿ ಕೇಳಿದರೆ, “ದೊಡ್ಡವರೇ ತೋರಿಸ್ತಾ ಇದಾರಲ್ಲ” ಎನ್ನುವುದು ಊರಿನ ಹಳೆಯ ತಮಾಷೆ.

ಅವನ ಪೀಠ ಕಟ್ಟಿದವರು ಇದೇ ಮೇಸ್ತ್ರಿ, ಇಪ್ಪತ್ತಾರು ವರ್ಷದ ಹಿಂದೆ. ಚೌಕದ ರಸ್ತೆಗೆ ಮೇಲಿಂದ ಮೇಲೆ ಡಾಂಬರು ಬಿದ್ದು ಬಿದ್ದು ಪೀಠ ಹಳ್ಳಕ್ಕೆ ಸೇರಿತ್ತು. ಮಳೆ ಬಂದರೆ ಬೆರಳಪ್ಪ ಕೆರೆಯ ನಡುವೆ ನಿಂತಂತೆ ಕಾಣುತ್ತಿದ್ದ. ಅದಕ್ಕೇ ಮೇಸ್ತ್ರಿ ಹನ್ನೊಂದು ವರ್ಷದಲ್ಲಿ ಮೂರು ಅರ್ಜಿ ಬರೆದಿದ್ದರು. ‘ಚೌಕದಲಿ ನೀರು ನಿಲುತದೆ. ಪೀಠ ಕುಸಿಯುತದೆ. ಎತಿಸಬೇಕು.’ ಮೂರಕ್ಕೂ ಉತ್ತರ ಬಂದಿರಲಿಲ್ಲ. ಬಂದದ್ದು ಅಳಿಯನ ನಗು ಮಾತ್ರ.

ಅಳಿಯ ಅದೇ ಕಚೇರಿಯಲ್ಲಿ ಗುಮಾಸ್ತ. ಇವರ ಮನೆಯಿಂದ ಮೂರು ಬಾಗಿಲು ಆಚೆ ಅವನ ಸಂಸಾರ. ಅಂಗಡಿಯ ಬೋರ್ಡಿನಲ್ಲಿ ಒಂದು ಒತ್ತು ಬಿಟ್ಟಿದ್ದರೂ ಒಳಗೆ ಹೋಗಿ ಹೇಳಿ ಬರುವವನು. ಅದಕ್ಕೇ ಊರು ಅವನಿಗೆ ಒತ್ತಕ್ಷರ ಎಂದೇ ಹೆಸರಿಟ್ಟಿತ್ತು. ಮಾವನ ಅರ್ಜಿ ಕೈಗೆ ಬಂದಾಗಲೆಲ್ಲ ಸಂಜೆ ಮನೆಗೆ ಬಂದು, “ಮಾವ, ಎತಿಸಬೇಕು ಅಂದ್ರೇನು? ಇದು ಯಾವ ಭಾಷೆ?” ಎಂದು ಕೇಳುತ್ತಿದ್ದ. “ಅರ್ಥ ಆಯ್ತಲ್ಲ ಅಳಿಯಂದಿರೇ, ಮತ್ಯಾಕೆ?” ಎನ್ನುತ್ತಿದ್ದರು ಮೇಸ್ತ್ರಿ.

ಈಗ ಕಾಗದ ಅಳಿಯನದೇ ದುಂಡು ಅಕ್ಷರದಲ್ಲಿತ್ತು. ತಮ್ಮ ಪದ, ಅವನ ಒತ್ತು. ಮೇಸ್ತ್ರಿಗೆ ಆ ದಿನ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಅವರಿಗೆ ಗೊತ್ತಿಲ್ಲದ ಸಂಗತಿ ಇಷ್ಟು. ಅವರು ತೊಟ್ಟಿ ಕಟ್ಟುತ್ತಿದ್ದ ಒಂದೂವರೆ ತಿಂಗಳಲ್ಲಿ ಯಾವುದೋ ಕಚೇರಿಯ ಹಳೆಯ ಪೆಟ್ಟಿಗೆಯೊಂದರಲ್ಲಿ ಬೆರಳಪ್ಪನ ಕೈಬರಹದ ಪತ್ರ ಸಿಕ್ಕಿತ್ತು. ಹಿಂದೆ ಆಳುತ್ತಿದ್ದವರ ವಿರುದ್ಧ ಹೋರಾಡಿದವನು ಎಂದು ಅವನನ್ನು ಕಲ್ಲಿನಲ್ಲಿ ನಿಲ್ಲಿಸಿದ್ದರು. ಅವನು ತನ್ನ ಜೊತೆಗಿದ್ದ ಹನ್ನೊಂದು ಜನರ ಹೆಸರನ್ನು ಆಳುವವರಿಗೇ ಬರೆದುಕೊಟ್ಟಿದ್ದ. ಆ ಹನ್ನೊಂದರಲ್ಲಿ ಒಬ್ಬ, ಚೌಕದ ಮೂಲೆಯ ದರ್ಜಿಯ ಅಣ್ಣ. ಹಿಡಿದುಕೊಂಡು ಹೋದವನು ತಿರುಗಿ ಬಂದಿರಲಿಲ್ಲ.

ಪತ್ರಿಕೆಗಳು ಕೂಗಾಡಿದವು. ಪ್ರತಿಮೆ ಇರಕೂಡದು ಎಂದು ಮೇಲಿನಿಂದ ಆಜ್ಞೆ ಬಂತು. ಆದರೆ ಸಾಹೇಬರಿಗೆ ಕೆಡವು, ಕೀಳು, ಒಡೆ ಎಂಬ ಪದಗಳು ತಮ್ಮ ಸಹಿಯ ಮೇಲೆ ಇರುವುದು ಇಷ್ಟವಿರಲಿಲ್ಲ. ನಾಳೆ ಗಾಳಿ ತಿರುಗಿದರೆ? “ಸ್ವಲ್ಪ ಮೆತ್ತಗಿರೋ ಪದ ಹುಡುಕ್ರೀ,” ಎಂದು ಗುಮಾಸ್ತನಿಗೆ ಹೇಳಿದರು. ಒತ್ತಕ್ಷರ ಅರ್ಧ ಗಂಟೆ ಯೋಚಿಸಿ ‘ಎತ್ತಿಸತಕ್ಕದ್ದು’ ಎಂದು ಬರೆದ. ಸಾಹೇಬರು ತಲೆದೂಗಿ ಸಹಿ ಹಾಕಿದರು. ಅದೇ ಮಧ್ಯಾಹ್ನ ಗುಮಾಸ್ತನನ್ನು ಕಡತಗಳ ಜೊತೆ ದೊಡ್ಡ ಕಚೇರಿಗೆ ಕಳಿಸಿದರು. ಭಾನುವಾರದವರೆಗೆ ಅವನು ಊರಲ್ಲಿರಲಿಲ್ಲ.

ಮೇಸ್ತ್ರಿ ಲಾರಿ ಗ್ಯಾರೇಜಿನಿಂದ ಎಂಟು ಜಾಕು ತಂದರು. ತೊಟ್ಟಿ ಕೆಲಸದಲ್ಲಿ ಜೊತೆಗಿದ್ದ ಗಂಡ ಹೆಂಡತಿ ಇಬ್ಬರು ಆಳುಗಳನ್ನು ಕರೆಸಿಕೊಂಡರು. ಅವರು ಪರ ಊರಿನವರು, ಅವರಿಗೆ ಬೆರಳಪ್ಪನೂ ಒಂದೇ, ಕರೆಂಟ್ ಕಂಬವೂ ಒಂದೇ. ಸುತ್ತ ಮರೆ ಕಟ್ಟಲು ಬಟ್ಟೆ ಬೇಕಾಯಿತು. ದರ್ಜಿ ಹಳೆಯ ಟಾರ್ಪಾಲುಗಳನ್ನು ಜೋಡಿಸಿ, ಒಂದೇ ದಿನದಲ್ಲಿ, ಯಾರೂ ಕೇಳದೆ ಹೊಲಿದುಕೊಟ್ಟರು. ಮೇಸ್ತ್ರಿಗೆ ಆಶ್ಚರ್ಯ. ಈ ದರ್ಜಿ ಒಂದು ಗುಂಡಿ ಹಚ್ಚಲು ಹದಿನೈದು ದಿನ ಸತಾಯಿಸುವ ಮನುಷ್ಯ.

ಪೀಠ ಸಮೇತ ಎತ್ತುವುದು ಹುಡುಗಾಟವಲ್ಲ. ಸುತ್ತ ಅಗೆದು, ಅಡಿಯಲ್ಲಿ ಕಬ್ಬಿಣದ ತೊಲೆ ತೂರಿಸಿ, ಎಂಟೂ ಜಾಕನ್ನು ಒಂದೇ ಉಸಿರಿನಲ್ಲಿ ತಿರುಗಿಸಬೇಕು. ಬೆರಳಗಲ ಎದ್ದರೆ ಬೆರಳಗಲ ಕಲ್ಲು ಕೊಡಬೇಕು. ಒಂದು ಮೂಲೆ ಒಂದು ಕೂದಲೆಳೆ ಹೆಚ್ಚು ಎದ್ದರೂ ಅಷ್ಟು ದೊಡ್ಡ ಮನುಷ್ಯ ಮುಗ್ಗರಿಸುತ್ತಾನೆ. ಮೇಸ್ತ್ರಿ ನಾಲ್ಕೂ ಕಡೆ ತೂಕದ ಗುಂಡು ಬಿಟ್ಟು, ರಸಮಟ್ಟ ಇಟ್ಟು, ವಾಲಿತೇ ಎಂದು ಗಳಿಗೆಗೊಮ್ಮೆ ನೋಡುತ್ತಿದ್ದರು.

ದರ್ಜಿ ದಿನಕ್ಕೆ ನಾಲ್ಕು ಸಲ ಮರೆಯ ಹೊರಗೆ ಬಂದು ನಿಲ್ಲುತ್ತಿದ್ದರು.

“ಎಲ್ಲೀವರೆಗೆ ಬಂತು ಮೇಸ್ತ್ರೀ?”

“ಎದ್ದ. ಒಂದಡಿ ಎದ್ದ.”

“ಏಳಲಿ, ಏಳಲಿ. ಇಷ್ಟು ವರ್ಷ ನಿಂತಿದ್ದು ಸಾಕು.”

“ಅದೇ ಮತ್ತೆ, ನೀರಲ್ಲಿ ಎಷ್ಟು ದಿನ ಅಂತ ನಿಲ್ತಾನೆ?”

“ಹುಷಾರು, ಅರ್ಧಕ್ಕೆ ಬಿಟ್ಟುಬಿಟ್ಟೀರಿ.”

“ಬಿಡೋ ಮಾತೇ ಇಲ್ಲ. ಶನಿವಾರಕ್ಕೆ ಪೂರ್ತಿ.”

“ನಿಮ್ಮ ಕೈ ತಣ್ಣಗಿರಲಿ,” ಎಂದು ದರ್ಜಿ ಕಣ್ಣೊರೆಸಿಕೊಂಡು ಹೋದರು. ಪ್ರತಿಮೆಯ ಮೇಲೆ ಇವರಿಗೆ ಇಷ್ಟು ಪ್ರೀತಿಯಿತ್ತೇ ಎಂದು ಮೇಸ್ತ್ರಿ ಬೆರಗಾದರು.

ಭಾನುವಾರ ಬೆಳಿಗ್ಗೆ ಚೌಕದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಾಹೇಬರು ಇಸ್ತ್ರಿ ಹಾಕಿದ ಬಟ್ಟೆಯಲ್ಲಿ ಬಂದಿದ್ದರು, ಒಂದು ಚಿಕ್ಕ ಭಾಷಣವನ್ನೂ ಬರೆದು ತಂದಿದ್ದರು. ಪತ್ರಿಕೆಯವರು ಇಬ್ಬರು ಇದ್ದರು. ಇಷ್ಟೊಂದು ಮಂದಿ ತಮ್ಮ ಪೀಠದ ಕೆಲಸ ನೋಡಲು ಬಂದದ್ದು ಕಂಡು ಮೇಸ್ತ್ರಿಗೆ ಸಂಕೋಚವಾಯಿತು. ಹಗ್ಗ ಎಳೆಯುವ ಗೌರವವನ್ನು ದರ್ಜಿಗೇ ಕೊಟ್ಟರು.

ದರ್ಜಿ ಎಳೆದರು. ಟಾರ್ಪಾಲು ಜಾರಿತು.

ಬೆರಳಪ್ಪ ಮೊದಲಿಗಿಂತ ಮೂರಡಿ ಎತ್ತರದಲ್ಲಿ, ಒಂದಿಷ್ಟೂ ವಾಲದೆ, ಹೊಸ ಕಲ್ಲಿನ ಮೇಲೆ, ತೊಳೆದ ಮುಖದಲ್ಲಿ ನಿಂತಿದ್ದ. ಬೆರಳು ಈಗ ಶೌಚಾಲಯದ ಛಾವಣಿಯನ್ನು ದಾಟಿ, ಅದರ ಹಿಂದಿನ ಕಚೇರಿಯ ಮಹಡಿಯಲ್ಲಿ, ಸಾಹೇಬರ ಕೋಣೆಯ ಕಿಟಕಿಯನ್ನು ತೋರಿಸುತ್ತಿತ್ತು.

ಹಿಂದುಗಡೆ ಯಾರೋ ಕಿಸಕ್ಕೆಂದರು. ಅಲ್ಲಿಂದ ನಗು ಹಬ್ಬಿ ಚೌಕವೇ ಹೊಟ್ಟೆ ಹಿಡಿದುಕೊಂಡಿತು. ಪತ್ರಿಕೆಯವರ ಕ್ಯಾಮೆರಾ ಬೆರಳಿನಿಂದ ಕಿಟಕಿಗೂ, ಕಿಟಕಿಯಿಂದ ಸಾಹೇಬರಿಗೂ ಓಡಾಡಿತು. ಸಾಹೇಬರು ಭಾಷಣವನ್ನು ಜೇಬಿಗೆ ತುರುಕಿ, “ಏನ್ರೀ ಇದು? ಏನ್ರೀ ಇದು?” ಎಂದು ಯಾರನ್ನೋ ಕೇಳುತ್ತ ಕಾರು ಹತ್ತಿದರು.

ನಗದೆ ನಿಂತವರು ದರ್ಜಿ ಒಬ್ಬರೇ. ಹಗ್ಗ ಇನ್ನೂ ಕೈಯಲ್ಲೇ ಇತ್ತು.

“ಮೇಸ್ತ್ರೀ,” ಎಂದರು. “ಇಷ್ಟು ದಿನ ಇವನನ್ನ ನೋಡೋಕೆ ಕತ್ತು ಎತ್ತಬೇಕಿತ್ತು. ಈಗ ಬೆನ್ನೂ ಬಗ್ಗಿಸಬೇಕಲ್ಲ, ಹಿಂದಕ್ಕೆ.” ಆಮೇಲೆ ಪತ್ರದ ವಿಷಯ, ಅಣ್ಣನ ವಿಷಯ ಹೇಳಿದರು. ಜೋರು ಮಾಡಲಿಲ್ಲ, ಅಳತೆ ಹೇಳುವಷ್ಟೇ ಸಮಾಧಾನವಾಗಿ ಹೇಳಿ, ಹಗ್ಗವನ್ನು ಸುತ್ತಿ ಕೊಟ್ಟು ಅಂಗಡಿಗೆ ಹೋದರು. ಮೇಸ್ತ್ರಿ ಬಹಳ ಹೊತ್ತು ಹಗ್ಗ ಹಿಡಿದುಕೊಂಡೇ ನಿಂತರು. ಅಷ್ಟು ಚೆನ್ನಾಗಿ ಮಾಡಿದ ಕೆಲಸಕ್ಕೆ ಅಷ್ಟು ನಾಚಿಕೆಪಟ್ಟದ್ದು ಅವರಿಗೆ ನೆನಪಿರಲಿಲ್ಲ.

ಮನೆಗೆ ಬಂದಾಗ ಹೆಂಡತಿ ಟೀ ಲೋಟ ಮುಂದಿಟ್ಟು, “ಹೇಳೋಕೆ ಬಂದೆ. ನೀವು ಆಕಳಿಸಿದಿರಿ,” ಎಂದಷ್ಟೇ ಹೇಳಿದರು.

ಸಂಜೆ ಮಗಳು ಬಂದಳು, ಕಂಕುಳಲ್ಲಿ ನಾಲ್ಕು ವರ್ಷದ ಮೊಮ್ಮಗಳು. ಮೊಮ್ಮಗಳು ಎಂದಿನಂತೆ ಅಜ್ಜನ ಚೀಲ ಸುರುವಿ, ತೂಕದ ಗುಂಡಿನ ದಾರಕ್ಕೆ ತನ್ನ ಬೊಂಬೆಯನ್ನು ಕಟ್ಟಿ ಉಯ್ಯಾಲೆ ಆಡಿಸತೊಡಗಿದಳು. ಈ ಚೀಲ ಸುರುವುವ ಹೊತ್ತೊಂದು ಇಲ್ಲದಿದ್ದರೆ ಮೇಸ್ತ್ರಿಗೆ ದಿನ ಮುಗಿದಂತೆಯೇ ಆಗುತ್ತಿರಲಿಲ್ಲ. ತೊಟ್ಟಿಯ ಊರಲ್ಲಿ ಒಂದೂವರೆ ತಿಂಗಳು ಅವರು ನಿದ್ದೆಗೆಟ್ಟದ್ದು ಇದಕ್ಕೇ.

“ಅಪ್ಪ,” ಎಂದಳು ಮಗಳು, “ಮೇಲಿನವರು ನಾಳೆ ಸಂಜೆಯೊಳಗೆ ತಪ್ಪು ಯಾರದು ಅಂತ ಬರೆದು ಕಳಿಸಿ ಅಂದಿದಾರಂತೆ. ಪದ ಇವರದ್ದು ಅಂತ ಗೊತ್ತಾದ್ರೆ ಇವರನ್ನ ಎತ್ತಂಗಡಿ ಮಾಡ್ತಾರೆ. ಗಡಿ ಹತ್ರದ ಕಚೇರೀಗೆ. ಬಸ್ಸು, ರೈಲು, ಕೊನೇಗೆ ದೋಣಿ. ಎರಡು ದಿನದ ದಾರಿ.”

“ಎತ್ತಂಗಡಿ ಅಂದ್ರೆ ಎತ್ತರಕ್ಕೇನಮ್ಮಾ?” ಎಂದರು ಮೇಸ್ತ್ರಿ.

ಮಗಳು ನಕ್ಕಳು, ನಗುತ್ತಲೇ ಮುಖ ಮುಚ್ಚಿಕೊಂಡು ಅತ್ತಳು. ಮೇಸ್ತ್ರಿ ಉಯ್ಯಾಲೆಯ ಕಡೆ ನೋಡುತ್ತ ಕೂತರು.

ಸೋಮವಾರ ಹನ್ನೊಂದಕ್ಕೆ ಕಚೇರಿಯಲ್ಲಿ ವಿಚಾರಣೆ. ಕಿಟಕಿಗೆ ಪರದೆ ಎಳೆದಿತ್ತು, ಏಕೆಂದರೆ ಬೆರಳು ನೇರ ಒಳಗೆ ಬರುತ್ತಿತ್ತು. ಒಂದು ಕಡೆ ಅಳಿಯ ಕಾಗದ ಪೆನ್ನು ಹಿಡಿದು ಕೂತಿದ್ದ. ಹೇಳಿಕೆ ಬರೆದುಕೊಳ್ಳಬೇಕಾದವನೂ ಅವನೇ. ಮೇಜಿನ ಮೇಲೆ ಗ್ರಂಥಾಲಯದಿಂದ ತರಿಸಿದ ದಪ್ಪ ನಿಘಂಟು.

“ಓದ್ರೀ,” ಎಂದರು ಸಾಹೇಬರು. “ಎತ್ತು ಅಂದ್ರೇನು?”

ಅಳಿಯ ಪುಟ ತಿರುಗಿಸಿದ. “ಒಂದು, ಮೇಲಕ್ಕೆ ಮಾಡು. ಎರಡು, ಸ್ಥಳದಿಂದ ತೆಗೆದುಹಾಕು. ಮೂರು, ಉಳುವ ಪ್ರಾಣಿ.”

“ಮೂರನೇದು ಬಿಡಿ. ಮೊದಲನೇದೇ ಮೇಲಕ್ಕೆ ಅಂತ ಇದೆಯಾ?”

“ಇದೆ ಸಾರ್.”

“ಯಾರು ಹಾಗೆ ಜೋಡಿಸಿದ್ದು ಇದನ್ನ!” ಎಂದು ಸಾಹೇಬರು ನಿಘಂಟಿನ ಮೇಲೆ ಸಿಟ್ಟಾದರು. ಆಮೇಲೆ ತಮ್ಮ ಸಹಿಯನ್ನು ನೋಡಿಕೊಂಡರು. ಆಮೇಲೆ ಗುಮಾಸ್ತನನ್ನು ನೋಡಿದರು. “ಈ ಪದ ತಂದೋರು ನೀವಲ್ವೇನ್ರೀ?”

ಅಳಿಯ ಬಾಯಿ ತೆರೆಯುವಷ್ಟರಲ್ಲಿ ಮೇಸ್ತ್ರಿ ಎದ್ದು ನಿಂತರು.

“ಸ್ವಾಮಿ, ಪದದ್ದೇನೂ ತಪ್ಪಿಲ್ಲ. ನನಗೆ ಓದೋಕೇ ಬರಲ್ಲ.”

“ಏನು?”

“ಅಕ್ಷರ ಬರಲ್ಲ ಸ್ವಾಮಿ. ಕಾಗದ ಬಂತು. ಪ್ರತಿಮೆ ಕೆಲಸ ಅಂತ ಜವಾನ ಅಂದ. ಹಳ್ಳಕ್ಕೆ ಬಿದ್ದಿತ್ತಲ್ಲ, ಎತ್ತರಿಸೋಕಿರಬೇಕು ಅಂದ್ಕೊಂಡೆ. ಓದಿಸಿಕೊಳ್ಳಬೇಕಿತ್ತು. ನನ್ನದೇ ತಪ್ಪು.”

ಸಾಹೇಬರ ಮುಖದಲ್ಲಿ ಬೆಳಕು ಬಂತು. ಓದು ಬಾರದ ಮೇಸ್ತ್ರಿ! ಎಷ್ಟು ಸುಲಭ, ಯಾರಿಗೂ ನೋವಿಲ್ಲ. “ಬರ್ಕೊಳ್ರೀ,” ಎಂದರು. “ಮೇಸ್ತ್ರಿ ಅನಕ್ಷರಸ್ಥ. ಆದೇಶ ಓದಲಾಗದೆ ತಪ್ಪು ಗ್ರಹಿಕೆ. ಹೆಬ್ಬೆಟ್ಟು ಹಾಕಿಸ್ಕೊಳ್ಳಿ.”

ಅಳಿಯ ಬರೆದ. ಅವನ ದುಂಡು ಅಕ್ಷರ ಆ ದಿನ ಯಾಕೋ ದುಂಡಗಿರಲಿಲ್ಲ. ಶಾಯಿಯ ಪ್ಯಾಡನ್ನು ಮಾವನ ಮುಂದೆ ತಳ್ಳುವಾಗ ಅವನು ತಲೆ ಎತ್ತಲಿಲ್ಲ. ಮೇಸ್ತ್ರಿ ಹೆಬ್ಬೆಟ್ಟನ್ನು ಅದ್ದಿ, ಇಪ್ಪತ್ತೈದು ವರ್ಷ ಒತ್ತದಿದ್ದ ಗುರುತನ್ನು ಒತ್ತಿದರು. ಬರುತ್ತ ದಾರಿಯಲ್ಲಿ ಗೋಡೆಯೊಂದಕ್ಕೆ ಬೆರಳು ಒರೆಸಿದರು. ಆ ಗೋಡೆಯಲ್ಲಿ ಬರೆದಿದ್ದ ಜಾಹೀರಾತನ್ನು ಅಭ್ಯಾಸಬಲದಿಂದ ಓದಿಯೂಬಿಟ್ಟು, ಯಾರಾದರೂ ನೋಡಿದರೇ ಎಂದು ಹಿಂದೆ ಮುಂದೆ ನೋಡಿದರು.

ಸಂಜೆ ಅವರು ಮನೆಯಲ್ಲಿ ಗೆದ್ದವರಂತೆ ಕೂತಿದ್ದರು. ಕೆಲಸವೊಂದು ಕೆಟ್ಟಿತು, ಆದರೆ ಮೂರು ಬಾಗಿಲು ಆಚೆಯ ಸಂಸಾರ ಅಲ್ಲೇ ಉಳಿಯಿತು. ಆಗ ಅಳಿಯ ಬಂದ. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ಮಾವ, ಆ ಕಾಗದ ಹರಿದುಹಾಕಿದೆ.”

“ಯಾವ ಕಾಗದ?”

“ನಿಮ್ಮ ಹೆಬ್ಬೆಟ್ಟಿಂದು. ಬೇರೆ ಬರೆದು ನಾನೇ ಸಹಿ ಹಾಕಿ ಕಳಿಸಿದೆ. ಟಪಾಲು ಹೋಯ್ತು.” ನಕಲನ್ನು ಮುಂದೆ ಹಿಡಿದ.

ಮೇಸ್ತ್ರಿ ಕನ್ನಡಕ ಹುಡುಕಿ, ಬೆರಳಿಟ್ಟು ಓದಿದರು. ‘ಮೇಸ್ತ್ರಿಯವರು ಅಕ್ಷರಸ್ಥರು. ಆದೇಶವನ್ನು ಸರಿಯಾಗಿಯೇ ಓದಿರುತ್ತಾರೆ. ಪದವನ್ನು ಆರಿಸಿದವನು ನಾನು.’ ಕೆಳಗೆ ಅಳಿಯನ ಪೂರ್ತಿ ಹೆಸರು.

“ನಿಮಗೆ ಬುದ್ಧಿ ಇದೆಯೇನ್ರೀ ಅಳಿಯಂದಿರೇ?” ಎಂದು ಮೇಸ್ತ್ರಿ ಗುಡುಗಿದರು. “ಎಲ್ಲ ಮುಗಿದಿತ್ತು! ಎರಡು ದಿನದ ದಾರಿ! ಆ ಮಗು ದೋಣೀಲಿ ಹೋಗಬೇಕಾ? ನನ್ನ ಹೆಬ್ಬೆಟ್ಟು ನನ್ನ ಇಷ್ಟ! ನಿಮಗೇನು ತೊಂದರೆ ಆಗಿತ್ತು?”

“ಹತ್ತು ವರ್ಷ ನಿಮಗೆ ಒತ್ತು ಬರಲ್ಲ ಅಂತ ಆಡಿಕೊಂಡೆ ಮಾವ,” ಎಂದ ಅಳಿಯ. “ಅಕ್ಷರವೇ ಬರಲ್ಲ ಅಂತ ನನ್ನ ಕೈಯಿಂದ ಕಳಿಸೋಕೆ ಆಗಲಿಲ್ಲ.”

ಮೇಸ್ತ್ರಿ ಇನ್ನೂ ಬೈಯುವವರಿದ್ದರು. ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದರು.

“ಆ ಕಲ್ಲಿನವನು ಹನ್ನೊಂದು ಜನರ ಹೆಸರು ಬರೆದುಕೊಟ್ಟ. ಊರು ಅವನಿಗೆ ಪೀಠ ಕಟ್ಟಿಸ್ತು, ನೀವೇ ಕಟ್ಟಿದ್ರಿ. ಇವರು ತಮ್ಮದೊಂದೇ ಹೆಸರು ಬರೆದುಕೊಟ್ಟಿದಾರೆ. ಒಂದು ಕುರ್ಚಿನಾದರೂ ಕೊಡಿ.”

ಮೇಸ್ತ್ರಿ ಎದ್ದು ತಾವು ಕೂತಿದ್ದ ಕುರ್ಚಿಯನ್ನೇ ಅಳಿಯನ ಕಡೆ ಎಳೆದರು. ಇಬ್ಬರೂ ನಿಂತೇ ಟೀ ಕುಡಿದರು, ಕುರ್ಚಿ ಖಾಲಿ ಇತ್ತು.

ಮುಂದಿನದು ಬೇಗ ಬೇಗ ಆಯಿತು. ಬುಧವಾರ ಹೊಸ ಆದೇಶ ಬಂತು. ಈ ಸಲ ಸಾಹೇಬರೇ ಬರೆದದ್ದು: ‘ಕೆಳಗಿಳಿಸಿ, ಲಾರಿಗೆ ಹಾಕಿ, ಊರಿನ ಹೊರಗೆ ಒಯ್ಯುವುದು.’ ಮೇಸ್ತ್ರಿ ಕಾಗದ ಹಿಡಿದು ಮೊದಲು ದರ್ಜಿಯ ಅಂಗಡಿಗೆ ಹೋಗಿ ಓದಿ ಹೇಳಿದರು.

“ಇದರಲ್ಲೇನೂ ಎರಡು ಅರ್ಥ ಇಲ್ವಲ್ಲ?” ಎಂದರು ದರ್ಜಿ.

“ಲಾರಿ ಅಂತ ಇದೆ. ಲಾರಿಗೆ ಒಂದೇ ಅರ್ಥ.”

“ಹಾಗಾದ್ರೆ ಸರಿ. ಮೇಸ್ತ್ರೀ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಆದ್ರೆ ಆ ಟಾರ್ಪಾಲಿನ ಹೊಲಿಗೆ ಬಿಚ್ಚೋ ಕೆಲಸ ನಿಮ್ಮದೇ.”

ಗುರುವಾರ ಬೆರಳಪ್ಪನನ್ನು ಮಲಗಿಸಿ ಲಾರಿಗೆ ಹಾಕಿದರು. ಪೀಠ ಮಾತ್ರ ಬರಲಿಲ್ಲ. ಹಾರೆ ಹಾಕಿದರು, ಸುತ್ತಿಗೆ ಹಾಕಿದರು, ಬಂದ ಯಂತ್ರವೂ ಹಲ್ಲು ಮುರಿದುಕೊಂಡಿತು. ಅಷ್ಟು ಗಟ್ಟಿಯಾಗಿ ಯಾಕ್ರೀ ಕಟ್ಟಿದಿರಿ ಎಂದು ಸಾಹೇಬರು ಗೊಣಗಿದಾಗ, ಮೇಸ್ತ್ರಿ ವಿನಯದಿಂದ, “ತಮ್ಮ ಸಹಿ ಇತ್ತಲ್ಲ ಸ್ವಾಮಿ,” ಎಂದರು. ಪೀಠ ಅಲ್ಲೇ ಉಳಿಯಿತು. ಸಂಜೆ ಅಲ್ಲಿ ಕೂರಲು ದರ್ಜಿಯೇ ಮೊದಲಿಗರು.

ಅಳಿಯನ ವರ್ಗದ ಕಾಗದ ಶನಿವಾರ ಕೈಗೆ ಬಂತು. ಮೇಸ್ತ್ರಿ ಸಾಮಾನು ಕಟ್ಟಲು ಹೋದರು. ಮೂಟೆ ಕಟ್ಟುವುದರಲ್ಲಿ ಅವರ ಗಂಟು ಬಿಚ್ಚುವವರಿಲ್ಲ. ಅಳಿಯ ಒಂದೊಂದು ಮೂಟೆಗೂ ಚೀಟಿ ಅಂಟಿಸುತ್ತಿದ್ದ. ಕೊನೆಯ ಎರಡು ಚೀಟಿಯನ್ನು ಮೇಸ್ತ್ರಿಯೇ ಬರೆದರು. ‘ಪಾತೆ’ ಎಂದು ಒಂದು, ‘ಬಟೆ’ ಎಂದು ಇನ್ನೊಂದು. ಅಳಿಯ ಎರಡನ್ನೂ ಓದಿದ. ಪೆನ್ನು ಕಿಸೆಯಲ್ಲೇ ಇತ್ತು. ತೆಗೆಯಲಿಲ್ಲ.

ಸಾಹೇಬರು ಎಲ್ಲಿಗೂ ಹೋಗಲಿಲ್ಲ. ಬೆರಳಪ್ಪ ಹೋದದ್ದು ಗುರುವಾರ. ಮಗಳು, ಅಳಿಯ, ಮೊಮ್ಮಗಳು ಹೊರಟದ್ದು ಅದರ ಮುಂದಿನ ಸೋಮವಾರ, ಬೆಳಗಿನ ಮೊದಲ ಬಸ್ಸಿಗೆ.